ಗಿರಣಿಕೊಪ್ಪಲಿನ ಗಂಟೆ

ಅರಸೀಕೆರೆಯಲ್ಲಿ ರೈಲು ಇಳಿದಾಗ ನನ್ನ ಕೈಗಡಿಯಾರ ಏಳೂ ಕಾಲು ತೋರಿಸುತ್ತಿತ್ತು. ನಿಲ್ದಾಣದ ಗಡಿಯಾರದಲ್ಲೂ ಏಳೂ ಕಾಲೇ. ಇದನ್ನು ಮೊದಲೇ ಯಾಕೆ ಹೇಳುತ್ತೇನೆಂದರೆ, ಆ ದಿನ ಎರಡು ಗಡಿಯಾರಗಳು ಒಪ್ಪಿದ್ದು ಅದೊಂದೇ ಸಲ.

ನಾನು ತುಮಕೂರಿನಿಂದ ಹೊರಟಿದ್ದು ಹಳೇಬೀಡಿನ ಶಿಲ್ಪ ನೋಡುವುದಕ್ಕಲ್ಲ. ತಂಗಿ ಸರೋಜಳಿಗೆ ಬೇಲೂರಿನಲ್ಲಿ ಮೇಷ್ಟರಾಗಿದ್ದ ನಾಗರಾಜನ ಜೊತೆ ಮದುವೆಯ ಮಾತು ಮುಗಿದಿತ್ತು. ಜಾತಕವೂ ಕೂಡಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ನಮ್ಮ ಚಿಕ್ಕಪ್ಪನ ಕಿವಿ ಕಚ್ಚಿದರು. ಹುಡುಗ ಹುಟ್ಟಿದ್ದು ಗಿರಣಿಕೊಪ್ಪಲಿನಲ್ಲಿ, ಆ ಊರಿನ ಎಣ್ಣೆ ಗಿರಣಿಯ ಗಡಿಯಾರ ಯಾವಾಗಲೂ ಮುಂದೆ ಓಡುತ್ತಿತ್ತು, ಊರಿನವರೆಲ್ಲ ಅದನ್ನೇ ನಂಬಿ ಬದುಕುತ್ತಿದ್ದರು ಎಂದು.

ಜಾತಕದಲ್ಲಿ ಜನನಕಾಲ ಬೆಳಗ್ಗೆ ಆರೂ ಹತ್ತು ಎಂದಿತ್ತು. ಚಿಕ್ಕಪ್ಪ ಪಂಚಾಂಗ ಬಿಚ್ಚಿಕೊಂಡು ಕೂತರು. "ಅರ್ಧ ಗಂಟೆ ಹಿಂದಕ್ಕೆ ಹೋದ್ರೆ ಲಗ್ನವೇ ಬದಲಾಗುತ್ತೆ ಕಣೋ. ಕುಜದೋಷ ಬಂದು ಕೂತ್ಕೊಳ್ಳುತ್ತೆ. ಹೋಗಿ ಸರಿಯಾಗಿ ವಿಚಾರಿಸಿಕೊಂಡು ಬಾ. ದೋಷ ಇದ್ರೆ ಈ ಸಂಬಂಧ ಬೇಡ." ಇಂಥದೇ ಜಾತಕದ ಕಾಟದಿಂದ ಸರೋಜಳಿಗೆ ಹಿಂದೆ ಬಂದ ಮೂರು ಸಂಬಂಧಗಳು ಮುರಿದಿದ್ದವು. ಅವಳಿಗಾಗಲೇ ಇಪ್ಪತ್ತಾರು.

ಹೊರಡುವಾಗ ಅವಳು ಬಾಗಿಲವರೆಗೆ ಬಂದಳು. "ಅಣ್ಣ, ಗಂಟೆ ಬೇಕಾಗಿರೋದು ಚಿಕ್ಕಪ್ಪನಿಗೆ. ನನಗೆ ಬೇಡ. ಅವರ ಮನೆಯವರು ಎಂಥ ಜನ ಅಂತ ನೋಡ್ಕೊಂಡು ಬಾ, ಸಾಕು" ಎಂದಳು. ಎರಡು ಕೆಲಸ ಹೊತ್ತು ಹೊರಟೆ. ಎರಡನ್ನೂ ಹೇಗೆ ಮಾಡುವುದೆಂದು ಗೊತ್ತಿರಲಿಲ್ಲ.

ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹತ್ತಿದೆ. ನಯಾಪೈಸೆ ಬಂದ ಹೊಸತು. ಕಂಡಕ್ಟರು ಚಿಲ್ಲರೆಯನ್ನು ಅರ್ಧ ಆಣೆಯಲ್ಲಿ, ಅರ್ಧ ಪೈಸೆಯಲ್ಲಿ ಕೊಟ್ಟ. ಎಷ್ಟು ಬಂತು, ಎಷ್ಟು ಬರಬೇಕಿತ್ತು, ಒಂದೂ ತಿಳಿಯದೆ ಜೇಬಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ತೆಂಗಿನಕಾಯಿ ಮೂಟೆಗಳು, ಕೆಂಪು ಧೂಳು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಜಾವಗಲ್ ದಾಟಿದ ಮೇಲೆ ರಾಗಿ ಹೊಲಗಳ ನಡುವೆ ಒಂದು ಇಟ್ಟಿಗೆಯ ಚಿಮಣಿ ಕಂಡಿತು. ತುದಿಯಲ್ಲಿ ಅರಳಿ ಗಿಡ ಬೆಳೆದಿತ್ತು. "ಗಿರಣಿಕೊಪ್ಪಲು ಯಾರ್ರೀ ಇಳಿಯೋರು?" ಎಂದು ಕಂಡಕ್ಟರು ಕೂಗಿದ. ಇಳಿದವನು ನಾನೊಬ್ಬನೇ.

ಯುದ್ಧ ಮುಗಿದ ಮೇಲೆ ಗಿರಣಿ ಮುಚ್ಚಿತಂತೆ. ಸಾಹುಕಾರರು ಯಂತ್ರ, ತಗಡು, ಬಾಗಿಲು ಎಲ್ಲ ಮಾರಿದ್ದರು. ಉಳಿದದ್ದು ಗೋಡೆ, ಚಿಮಣಿ ಮತ್ತು ಯಾರೂ ಎತ್ತಲಾಗದ ಬಾಯ್ಲರು. ಅಂಗಳದ ನೆಲ ಎಣ್ಣೆ ಕುಡಿದು ಕುಡಿದು ಕರ್ರಗಾಗಿತ್ತು, ಅಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಹಿಂದೆ ಕಡಲೆಕಾಯಿ ಹಿಂಡಿ ಪೇರಿಸುತ್ತಿದ್ದ ಗೋಡೆಯನ್ನು ಎರಡು ಎಮ್ಮೆಗಳು ಇನ್ನೂ ನೆಕ್ಕುತ್ತಿದ್ದವು.

ಬಾಯ್ಲರಿನ ನೆರಳಿನಲ್ಲಿ ಒಬ್ಬ ಮುದುಕ ಹಗ್ಗ ಹೊಸೆಯುತ್ತಿದ್ದ. ಹೆಸರು ಮುನಿಯಪ್ಪ, ಅದೇ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದವನು. ಗಡಿಯಾರದ ಸಂಗತಿ ಕೇಳಿದೆ.

"ಮುಂದಿತ್ತು ಸ್ವಾಮಿ. ಆಳುಗೋಳು ತಡವಾಗಿ ಬತ್ತಾರೆ ಅಂತ ಸಾವ್ಕಾರ್ರೇ ಮುಂದಿಡ್ಸಿದ್ರು."

"ಎಷ್ಟು ಮುಂದೆ?"

"ಅರ್ಧ ಗಂಟೆ. ಮಳೆಗಾಲದಲ್ಲಿ ಮುಕ್ಕಾಲು." ಸ್ವಲ್ಪ ಯೋಚಿಸಿ, "ಒಂದೊಂದ್ ವರ್ಷ ಕಾಲು ಗಂಟೇನೂ ಇತ್ತು" ಎಂದ.

ನಾನು ಚೀಟಿಯಲ್ಲಿ ಅರ್ಧ ಎಂದು ಬರೆದು, ಹೊಡೆದು ಹಾಕಿ, ಮುಕ್ಕಾಲು ಎಂದು ಬರೆದು, ಅದನ್ನೂ ಹೊಡೆದು ಹಾಕಿದೆ. ಮುನಿಯಪ್ಪನಿಗೆ ಮಾತಿನ ಹುಮ್ಮಸ್ಸು ಬಂದಿತ್ತು. "ಟೈಂಕೀಪರ್ ಶಾಮಣ್ಣೋರು ಬೆಲ್ ಒತ್ತೋರು, ನಾನು ಸರಪಳಿ ಎಳೆಯೋನು, ಸಿಳ್ಳು ಕೂಗೋದು. ಒಂದೇ ಒಂದ್ ದಿವ್ಸ ಬೆಲ್ಲೇ ಬರ್ಲಿಲ್ಲ. ಬೆಲ್ ಇಲ್ದೆ ಎಳೆಯಂಗಿಲ್ಲ. ಬೆಳಗಿನ ಆಳೆಲ್ಲ ಗೇಟಿನತ್ರ ಕುಂತೇ ಇತ್ತು. ಯಾಕಂತ ಇವತ್ಗೂ ಗೊತ್ತಿಲ್ಲ."

ಆ ಶಾಮಣ್ಣನವರೇ ನಾಗರಾಜನ ತಂದೆ. ಗಿರಣಿ ಸಾಲುಮನೆಗಳ ಕೊನೆಯ ಮನೆ. ಒಳಗೆ ಕಾಲಿಟ್ಟರೆ ಎದುರಿಗೇ ಆಳೆತ್ತರದ ಗಡಿಯಾರ! ಗಿರಣಿ ಮುಚ್ಚಿದಾಗ ಬೇರೇನೂ ಕೇಳದೆ ಅದೊಂದನ್ನು ಮನೆಗೆ ಹೊರಿಸಿಕೊಂಡು ಬಂದಿದ್ದರಂತೆ. ಅದರಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ. ನನ್ನ ಕೈಯಲ್ಲಿ ಹನ್ನೊಂದೂ ಹದಿನೈದು.

ಶಾಮಣ್ಣನವರು ತೆಳ್ಳಗೆ, ನೆಟ್ಟಗೆ, ಮಡಿಕೆ ಕೆಡದ ಪಂಚೆಯಲ್ಲಿದ್ದರು. ಉಪಚಾರದ ಮಾತಾದ ಮೇಲೆ ನಾನು ತಡವರಿಸುತ್ತಾ ಜಾತಕದ ವಿಷಯ ಎತ್ತಿದೆ. "ಆರೂ ಹತ್ತು ಅನ್ನೋದು ಯಾವ ಗಂಟೆ? ಗಿರಣಿದೋ, ರೈಲ್ವೆದೋ?"

ಅವರ ಮುಖ ಬಿಗಿಯಿತು. "ನಮ್ಮೂರಿಗೆ ಇರೋದು ಒಂದೇ ಗಂಟೆ ರೀ. ರೈಲ್ವೆಯವರದು ತಪ್ಪಿದ್ರೆ ನಾನೇನು ಮಾಡ್ಲಿ?" ಎಂದು ಎದ್ದರು. "ಹನ್ನೆರಡಾಯ್ತು, ಬಂದೆ" ಎಂದು ಹೊರಗೆ ಹೋದರು. ಸಾಲುಮನೆಯ ಮುಂದೆ ಬೇವಿನ ಮರಕ್ಕೆ ರೈಲು ಕಂಬಿಯ ಒಂದು ತುಂಡು ನೇತು ಹಾಕಿತ್ತು. ಗಿರಣಿ ಇಲ್ಲದ ಊರಿಗೆ ದಿನಕ್ಕೆ ಮೂರು ಸಲ ಅದನ್ನು ಬಡಿದು ಗಂಟೆ ಹೇಳುವುದು ಅವರ ಕೆಲಸ. ಯಾರೂ ಒಪ್ಪಿಸಿದ್ದಲ್ಲ. ಅದರ ಸದ್ದಿಗೆ ಊರಿನ ಹೆಂಗಸರು ಒಲೆಯಿಂದ ಎಸರು ಇಳಿಸುತ್ತಾರಂತೆ. ನನಗೋ ತಲೆ ಕೆಟ್ಟು ಹೋಗಿತ್ತು. ಗಡಿಯಾರ ಹೇಳುವಂತೆ ಮೂವತ್ತೈದು ನಿಮಿಷ ಕಳೆದರೆ ಸರೋಜಳ ಮದುವೆ ಮುರಿದ ಹಾಗೆಯೇ.

ಗಂಡ ಆಚೆ ಹೋದದ್ದೇ ನಾಗರಾಜನ ತಾಯಿ ಕಮಲಮ್ಮನವರು ಒಗ್ಗರಣೆ ಅವಲಕ್ಕಿಯ ತಟ್ಟೆ ಇಟ್ಟು, ದನಿ ತಗ್ಗಿಸಿ ಹೇಳಿದರು. "ಅವರನ್ನ ಕೇಳಬೇಡಪ್ಪ, ನೊಂದ್ಕೋತಾರೆ. ಆವತ್ತು ಬೆಳಗಿನ ಜಾವ ನನಗೆ ನೋವು ಜಾಸ್ತಿಯಾಯ್ತು. ಸೂಲಗಿತ್ತಿ ಕೈ ಬಿಟ್ಟಳು. ಪಕ್ಕದ ಮನೆಯೋಳು ಹೋಗಿ ಕೂಗಿದ್ದೇ ತಡ, ಗಿರಣಿ ಬಿಟ್ಟು ಓಡಿ ಬಂದ್ರು. ಬೆಲ್ ಒತ್ತಲಿಲ್ಲ, ಸಿಳ್ಳು ಕೂಗಲಿಲ್ಲ. ಮಗು ಅಳೋವರೆಗೂ ಬಾಗಿಲಲ್ಲಿ ಒರಗಿ ನಿಂತಿದ್ರು. ಗಂಟೆ ಎಷ್ಟು ಅಂತ ಯಾರೂ ನೋಡಲಿಲ್ಲ. ಆಮೇಲೆ ಅಂದಾಜಿಗೆ ಆರೂ ಹತ್ತು ಅಂತ ಬರೆಸಿದ್ರು. ಊರಿಗೆಲ್ಲ ಗಂಟೆ ಹೇಳೋರು, ಮಗ ಹುಟ್ಟಿದ ಗಂಟೆ ಗೊತ್ತಿಲ್ಲ ಅಂತ ಹೇಗೆ ಹೇಳ್ತಾರೆ?"

ಹೊರಗೆ ಢಣ್ ಢಣ್ ಎಂದು ಹನ್ನೆರಡು ಹೊಡೆಯಿತು. ನಾನು ಜೇಬಿನ ಚೀಟಿ ತೆಗೆದು ನೋಡಿದೆ. ಗಡಿಯಾರ ಮುಂದಿದ್ದರೆ ಕಳೆಯಬಹುದು. ನೋಡದೇ ಇದ್ದ ಗಂಟೆಯಿಂದ ಏನನ್ನು ಕಳೆಯಲಿ?

ಅರಸೀಕೆರೆ ಬಸ್ಸು ಎರಡಕ್ಕೆ ಎಂದು ಶಾಮಣ್ಣನವರು ತಾವೇ ರಸ್ತೆಯವರೆಗೆ ಬಂದು ಬಿಟ್ಟರು. ಅವರ ಎರಡಕ್ಕೆ ಹೋಗಿ ನಿಂತವನು ಬಿಸಿಲಲ್ಲಿ ಬೆಂದೆ. ಅವರೂ ಬಸ್ಸು ಬರುವವರೆಗೆ ನನ್ನ ಜೊತೆಗೇ ನಿಂತರು. "ಇವತ್ತೂ ತಡ ಮಾಡ್ದ" ಎಂದು ಡ್ರೈವರನನ್ನು ಬೈದರು. ಬಸ್ಸು ಹೊರಟ ಮೇಲೆ ತಿರುಗಿ ನೋಡಿದೆ. ಚಿಮಣಿಯ ಕೆಳಗೆ ಅವರು ಬಿರಬಿರನೆ ಮನೆಯ ಕಡೆ ನಡೆಯುತ್ತಿದ್ದರು.

ಮರುದಿನ ಬೆಳಗ್ಗೆ ತುಮಕೂರಿನ ಮನೆಯಲ್ಲಿ ಚಿಕ್ಕಪ್ಪ ಪಂಚಾಂಗ ಹಿಡಿದೇ ಕಾದಿದ್ದರು. "ಏನಾಯ್ತೋ?"

"ರೈಲ್ವೆ ಗಂಟೆಯಂತೆ. ಆರೂ ಹತ್ತು ಸರಿಯಾಗೇ ಇದೆ" ಎಂದೆ. ಹಿರಿಯರ ಎದುರಿಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೇ ಮೊದಲು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಇವತ್ತಿಗೂ ನನಗೆ ತಿಳಿಯದು.

ಒಳಗೆ ಸರೋಜ ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ಸುಳ್ಳು ಹೇಳಲಾಗಲಿಲ್ಲ, ಇದ್ದದ್ದನ್ನೆಲ್ಲ ಹೇಳಿದೆ. ಅವಳ ಕೈ ಮೊರದ ಮೇಲೆ ನಿಂತಿತು.

"ಗಿರಣಿ ಬಿಟ್ಟು ಓಡಿ ಬಂದ್ರಾ? ಗಡಿಯಾರ ನೋಡೋದೇ ಮರೆತುಬಿಟ್ರಾ?"

"ಹೂಂ."

ಅವಳು ಮತ್ತೆ ಅಕ್ಕಿಗೆ ಕೈ ಹಾಕಿ, ತಲೆ ಎತ್ತದೆ ಹೇಳಿದಳು: "ಆ ಮನೆಗೆ ಹೋಗ್ತೀನಿ ಅಣ್ಣ."