ಆರಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು

ನಮ್ಮ ಆಯಿಗೆ, ಎಂದರೆ ಅಪ್ಪನ ತಾಯಿಗೆ, ವೈನಿಯ ಕೈಯ ರೊಟ್ಟಿಯೇ ಆಗಬೇಕಿತ್ತು. ವೈನಿ ನನ್ನ ಅಣ್ಣನ ಹೆಂಡತಿ. ಅಣ್ಣ ಹೈದರಾಬಾದಿನಲ್ಲಿ ವಕೀಲಿ ಓದುತ್ತ ಕೂತಿದ್ದ, ಆಕೆ ಉಮರ್ಗಾದ ನಮ್ಮ ಮನೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ಆಕೆ ಬಡಿದ ಜೋಳದ ರೊಟ್ಟಿಯ ಅಂಚು ಎಲ್ಲಿಯೂ ಸೀಳುತ್ತಿರಲಿಲ್ಲ. ಹಂಚಿನ ಮೇಲೆ ಹಾಕಿದರೆ ಪೂರ್ತಿ ಉಬ್ಬುತ್ತಿತ್ತು, ಹಲ್ಲಿಲ್ಲದ ಆಯಿಯ ಬಾಯಲ್ಲಿ ತಾನಾಗಿ ಕರಗುತ್ತಿತ್ತು. ಬೇರೆ ಮನೆಯಲ್ಲಾದರೆ ಇಂಥ ಕೈಗೆ ನಾಲ್ಕು ಒಳ್ಳೆಯ ಮಾತು ಸಿಗುತ್ತಿದ್ದವು. ನಮ್ಮ ಮನೆಯಲ್ಲಿ ಸಿಕ್ಕಿದ್ದು ಲೈಫ್ ಸೆಂಟೆನ್ಸ್. ಮದುವೆಯಾಗಿ ಬಂದ ಮೇಲೆ ಆಕೆ ಒಂದು ಪಂಚಮಿಗೂ ತವರಿಗೆ ಹೋಗಿರಲಿಲ್ಲ.

ಶ್ರಾವಣ ಬಂತೆಂದರೆ ನಮ್ಮ ಕಡೆ ಓಣಿಯ ಸೊಸೆಯಂದಿರೆಲ್ಲ ದಾರಿ ನೋಡುತ್ತಾರೆ. ಅಣ್ಣನೋ ತಮ್ಮನೋ ಬರುತ್ತಾನೆ, ಕರೆದುಕೊಂಡು ಹೋಗುತ್ತಾನೆ, ತವರಿನಲ್ಲಿ ಜೋಕಾಲಿ, ಉಂಡಿ, ಅಳ್ಳು. ವೈನಿಯ ತಮ್ಮನೂ ಪ್ರತಿ ವರ್ಷ ಉದಗೀರದಿಂದ ಬರುತ್ತಿದ್ದ. ಆಯಿ ಒಂದು ವರ್ಷ ಎಮ್ಮೆ ಈಯುವುದಿದೆ ಎಂದಳು, ಒಂದು ವರ್ಷ ಮಳೆ ಎಂದಳು, ಮತ್ತೊಂದು ವರ್ಷ ಕಾರಣ ಹೇಳುವ ತಸದಿಯನ್ನೂ ತೆಗೆದುಕೊಳ್ಳಲಿಲ್ಲ.

“ಆಕಿ ಹ್ವಾದ್ರ ನನಗ ರೊಟ್ಟಿ ಯಾರು ಬಡೀತಾರೋ? ನಿಮ್ಮವ್ವ ಬರ್ತಾಳೇನು?”

ವೈನಿಯ ಅವ್ವನ ಕಣ್ಣಿಗೆ ಪೊರೆ ಬರುತ್ತಿತ್ತು. ಮಗಳ ಮುಖ ಕಾಣುವಷ್ಟು ಬೆಳಕು ಇನ್ನೂ ಉಳಿದಿರುವಾಗಲೇ ಒಮ್ಮೆ ಕಳಿಸಿರೆಂದು ಆಕೆ ಹೇಳಿಕಳಿಸಿದ್ದಳು. ಅದು ಆಯಿಗೆ ಗೊತ್ತಿತ್ತು. ಗೊತ್ತಿದ್ದೇ ಆಯಿ ಹಾಗೆ ಕೇಳಿದ್ದು.

ನಾನು ಆಗ ಹೈದರಾಬಾದಿನ ಒಂದು ಕಾನ್ವೆಂಟಿನಲ್ಲಿ ಬೋರ್ಡರ್. ಆ ವರ್ಷ ಟೈಫಾಯಿಡ್ ಆಗಿ, ಕೂದಲು ಉದುರಿ, ಚೇತರಿಸಿಕೊಳ್ಳುವವಳಿಗೆ ಕಾನ್ವಲೆಸೆಂಟ್ ಎಂಬ ದೊಡ್ಡ ಹೆಸರು ಹೊತ್ತು ಮನೆಗೆ ಬಂದಿದ್ದೆ. ಹಾಗಾಗಿ ಆ ಪಂಚಮಿಯನ್ನು ನಾನು ಕಣ್ಣಾರೆ ನೋಡಿದೆ.

ಆ ವರ್ಷ ವೈನಿ ಒಂದು ಹಂಚಿಕೆ ಹಾಕಿದ್ದಳು. ಅಪ್ಪನ ಬಳಿ ಒಂದು ಹಳೆಯ ಅಮೆರಿಕನ್ ಮೋಟಾರು ಇತ್ತು. ಅಪ್ಪನಿಗೆ ಹೊಲ, ಎತ್ತು, ಮಕ್ಕಳು ಎಲ್ಲ ಅದರ ನಂತರ. ಬೇಸಿಗೆಯಿಂದ ಅದು ಕೆಟ್ಟು ದನದ ಕೊಟ್ಟಿಗೆಯ ಪಕ್ಕ ಗೋಣಿತಟ್ಟು ಹೊದ್ದು ನಿಂತಿತ್ತು. ಹ್ಯಾಂಡಲ್ ಹೊಡೆದರೆ ಕೆಮ್ಮಿ ಬಿಳಿಯ ಉಗಿ ಬಿಡುತ್ತಿತ್ತು. ವೈನಿಯ ತಮ್ಮ ಉದಗೀರದಲ್ಲಿ ಊರೂರಿಗೆ ಮಂದಿ ಒಯ್ಯುವ ಸರ್ವಿಸ್ ಮೋಟಾರಿನ ಡ್ರೈವರು. ಓಡಿಸುವುದೂ ಆತನೇ, ಕೆಟ್ಟರೆ ಬಿಚ್ಚುವುದೂ ಆತನೇ. ಬಳೆಗಾರ್ತಿಯ ಕೈಯಲ್ಲಿ ವೈನಿ ಹೇಳಿಕಳಿಸಿದಳು: ಮಾವನ ಮೋಟಾರು ಕೆಮ್ಮಿ ಉಗಿ ಬಿಡುತ್ತದೆ, ಈ ಸಲ ಸೀರೆ ತರಬೇಡ, ಪಾನಾ ತಗೊಂಡು ಬಾ. ಪಾನಾ ಎಂದರೆ ಬೋಲ್ಟು ತಿರುಗಿಸುವ ಸ್ಪ್ಯಾನರು.

ಆತ ಬಂದ. ಎತ್ತರದ ಆಳು, ಓರೆ ಟೊಪ್ಪಿಗೆ, ಬಾಯಿ ಎಂದರೆ ಬಾಯಿ. ನನ್ನ ಬೋಳು ತಲೆ ನೋಡಿ, “ಏನ್ ಮಿಸ್ಸಿಬಾಬಾ, ಇಂಗ್ರೇಜಿ ಕಲಸ್ತೀವಂತ ಕೂದಲಾ ಕಸಗೊಂಡ್ರೇನು ಅಲ್ಲಿ?” ಎಂದು ನಗಿಸಿದ. ಮೋಟಾರಿನ ಬಾನೆಟ್ ಎತ್ತಿ ನೋಡಿ ಅಪ್ಪನಿಗೆ ಹೇಳಿದ:

“ಮಾವಾರ, ಹೆಡ್ಡಿನ ಬೋಲ್ಟು ಎಳದಾವ. ಅದರ ಕೆಳಗಿನ ಗ್ಯಾಸ್ಕೆಟ್ ಸುಟ್ಟದ. ನೀರು ಒಳಗ ಇಳ್ಯಾಕತ್ತದ. ನಾ ಹೊಸಾವು ತಂದೀನಿ. ಎದ್ದು ಓಡ್ತದ, ಬಿಲ್ಕುಲ್ ಓಡ್ತದ. ಆದ್ರ ನಮ್ಮಕ್ಕನ್ನ ಕಳಸಬೇಕು ನೋಡ್ರಿ.”

ಅಪ್ಪನಿಗೆ ಹುರುಪು ಬಂತು. “ಉದಗೀರದ ಅರ್ಧಾ ದಾರಿ, ನಿಲಂಗಾಕ್ಕ ಹೋಗಿ ತಿರುಗಿ ಬರ್ಲಿ. ಉಗಿ ಬಿಡಲಾರದ ಬಂತಂದ್ರ ಅದ ಮೋಟಾರಿನ್ಯಾಗ ನಿಮ್ಮಕ್ಕನ್ನ ಕುಂಡ್ರಿಸಿ ನಾನ ಉದಗೀರಕ್ಕ ಬಿಟ್ಟು ಬರ್ತೀನಿ. ಮಾತು ಅಂದ್ರ ಮಾತು.”

ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದ ಆಯಿ ತಲೆ ಎತ್ತಲಿಲ್ಲ. ಮೊರದಲ್ಲಿ ಕಾಳು ಮಾತ್ರ ಸ್ವಲ್ಪ ಜೋರಾಗಿ ಹಾರಿದವು.

ಮರುದಿನ ಬೆಳಗಿನಿಂದ ಆತ ಅಂಗಳದಲ್ಲಿ ಮೋಟಾರು ಬಿಚ್ಚಿಕೊಂಡು ಕೂತ. ಎಂಜಿನ್ನಿನ ಮುಚ್ಚಳದಂತಿದ್ದ ಹೆಡ್ಡನ್ನು ಎತ್ತಿ, ಕರಿ ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ತಾಮ್ರದ ಹೊಸ ಗ್ಯಾಸ್ಕೆಟ್ ಇಟ್ಟು ಮುಚ್ಚಿದ. ಎಳೆದುಹೋಗಿದ್ದ ಬೋಲ್ಟುಗಳನ್ನು ಎಸೆದು ಹೊಸವನ್ನು ಕೂಡಿಸಿದ. ಬಿಗಿಯುವಾಗ ನಡುವಿನಿಂದ ಶುರು ಮಾಡಿ ಈ ಕಡೆಗೊಂದು ಆ ಕಡೆಗೊಂದು, ಒಂದನ್ನೂ ಒಮ್ಮೆಲೇ ಪೂರ್ತಿ ಬಿಗಿಯದೆ, ಸುತ್ತಿ ಸುತ್ತಿ ಬಂದ. ಒಳಗೆ ವೈನಿ ತನ್ನ ತಗಡಿನ ಟ್ರಂಕು ತೆಗೆದು ಸೀರೆ ಮಡಿಸುತ್ತಿದ್ದಳು. ಮಡಿಸಿ ಇಡುವುದು, ತೆಗೆದು ಮತ್ತೆ ಮಡಿಸುವುದು. ಆಕೆ ಹಾಡು ಗುನುಗುವುದನ್ನು ನಾನು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಅಪ್ಪನೂ ಆತನೂ ಹತ್ತಿರದ ದಾಳಿಂಬ ಎಂಬ ಊರಿನ ತನಕ ಹೋಗಿ ಬಂದರು. ಉಗಿ ಇಲ್ಲ, ಕೆಮ್ಮು ಇಲ್ಲ. ಅಪ್ಪ ನಗುತ್ತ ಇಳಿದರು. ಆತ ಕೈ ಒರೆಸಿಕೊಳ್ಳುತ್ತ ಎಲ್ಲರೂ ಕೇಳುವಂತೆ ಹೇಳಿದ:

“ಈಗ ನಿಲಂಗಾಕ್ಕ ಒಯ್ಯಬ್ಯಾಡ್ರಿ ಮಾವಾರ. ಪೂರಾ ಆರ್ಲಿ. ಆರಿದ ಮ್ಯಾಲ ಬೋಲ್ಟು ಇನ್ನೊಮ್ಮೆ ಬಿಗೀಬೇಕು.”

ಅಲ್ಲಿಯತನಕ ಆತನೊಂದಿಗೆ ಮಾತೇ ಆಡಿರದ ಆಯಿ ಮೊರ ಬದಿಗಿಟ್ಟು ಕೇಳಿದಳು, “ಇನ್ನೊಮ್ಮೆ ಯಾಕೋ? ಒಮ್ಮೆ ಬಿಗದದ್ದು ಸಾಲಾಂಗಿಲ್ಲೇನು?”

ಮುದುಕಿ ಕೇಳಿದಳಲ್ಲ ಎಂದು ಆತನಿಗೆ ಖುಷಿ. ಹತ್ತಿರ ಬಂದು, ಎರಡು ಅಂಗೈ ಒಂದರ ಮೇಲೊಂದು ಇಟ್ಟು ತೋರಿಸಿದ. “ಸಾಲಾಂಗಿಲ್ರೀ ಆಯಿ. ಬಿಸಿಗೆ ತಾಮ್ರದ ಹಾಳಿ ಅಮರಿ ತೆಳ್ಳಗ ಆಗ್ತದ. ಬೋಲ್ಟು ನೋಡಾಕ ಬಿಗಿ ಇದ್ದಂಗ ಕಾಣ್ತಾವ, ಒಳಗ ಸಡ್ಲಾಗಿರ್ತಾವ. ಹಂಗ ದೂರ ಒಯ್ದ್ರಂದ್ರ ಮತ್ತ ನೀರು ಇಳೀತದ. ಮುಗೀತು ಕತಿ.”

“ಎಷ್ಟೊತ್ತು ಆರಬೇಕು?”

“ಒಂದು ಊಟಾ ಮುಗಿಯೂದ್ರಾಗ ಆರ್ತದ್ರೀ.”

“ಹಂಗಾರ ಉಣ್ಣು ಬಾರೋ ತಮ್ಮಾ,” ಎಂದಳು ಆಯಿ. “ಬೀಗರ ಹುಡುಗ, ಬಂದಾಗಿಂದ ಸರಿಯಾಗಿ ಉಂಡಿಲ್ಲ. ಹೋಳಿಗಿ ಮಾಡಸ್ತೀನಿ. ಅಯ್ನೋರ್ನೂ ಕರಸ್ತೀನಿ.”

ಅಯ್ನೋರು ಎಂದರೆ ನಮ್ಮ ಮನೆತನದ ಜಂಗಮರು. ಅವರು ಪಂಕ್ತಿಯಲ್ಲಿ ಕೂತರೆಂದರೆ ಅವರು ಏಳುವ ತನಕ ಯಾರೂ ಏಳುವ ಹಾಗಿಲ್ಲ. ಎದ್ದರೆ ಆ ಮನೆಗೆ, ಆ ಅನ್ನಕ್ಕೆ, ಅಯ್ನೋರಿಗೆ ಮೂವರಿಗೂ ಅವಮಾನ. ಕಾನ್ವೆಂಟಿನ ಟೇಬಲ್ ಮ್ಯಾನರ್ಸ್ ಇದರ ಮುಂದೆ ಏನೂ ಅಲ್ಲ.

ಆಯಿ ಆತನನ್ನು ಒಳಮೂಲೆಯಲ್ಲಿ, ಗೋಡೆಗೆ ಹತ್ತಿ ಕೂಡಿಸಿದಳು. ಪಕ್ಕದಲ್ಲಿ ಅಯ್ನೋರು. ಅಪ್ಪನ ಮಣೆ ಖಾಲಿ ಇತ್ತು.

“ಮಾವಾರು ಕುಂಡ್ರಂಗಿಲ್ಲೇನ್ರೀ?”

“ಅಂವಗ ಇವತ್ತ ಉಪಾಸ. ಶ್ರಾವಣ ಅಲ್ಲಾ?”

ಶ್ರಾವಣದ ಉಪವಾಸ ಸೋಮವಾರಕ್ಕೆ. ಅಂದು ಬುಧವಾರ. ಬೆಳಗ್ಗೆ ಅಪ್ಪ ಬದನೆಕಾಯಿ ಪಲ್ಯದ ಜೊತೆ ವೈನಿಯ ರೊಟ್ಟಿ ತಿಂದದ್ದನ್ನು ಮನೆ ಮಂದಿಯೆಲ್ಲ ನೋಡಿದ್ದೆವು. ಅಯ್ನೋರಿಗೂ ವಾರ ಗೊತ್ತಿತ್ತು. ಅವರು ವಿಭೂತಿ ಸರಿಮಾಡಿಕೊಂಡು ಹೋಳಿಗೆ ಮುರಿದರು.

ತುಪ್ಪದ ಗಿಂಡಿ ನನ್ನ ಕೈಯಲ್ಲಿತ್ತು. ಎರಡನೆಯ ಸುತ್ತು ಬಡಿಸುತ್ತಿದ್ದಾಗ ಅಂಗಳದಲ್ಲಿ ಹ್ಯಾಂಡಲ್ ತಿರುಗಿದ ಸದ್ದು ಕೇಳಿತು. ಒಮ್ಮೆ, ಮತ್ತೊಮ್ಮೆ, ಆಮೇಲೆ ಎಂಜಿನ್ ಹತ್ತಿಕೊಂಡಿತು. ಆತನ ಕೈ ತುತ್ತಿನ ಸಮೇತ ನಿಂತಿತು.

“ಯಾರು ಚಾಲೂ ಮಾಡಿದ್ರು? ಆಯೀ, ಮಾವಾರು ಎಲ್ಲಿ ಹೊಂಟ್ರು?”

“ನಿಲಂಗಾಕ್ಕ. ನಿನ್ನ ಮಾತು ಖರೇ ಅದನೋ ಇಲ್ಲೋ ನೋಡಾಕ.”

“ಇನ್ನ ಬಿಗದಿಲ್ರೀ! ಬ್ಯಾಡ್ ಅನ್ರಿ ಅವರಿಗೆ, ಬ್ಯಾಡ್ ಅನ್ರಿ!” ಆತ ಮೊಣಕಾಲೂರಿ ಅರ್ಧ ಎದ್ದ.

ಆಯಿ ಧ್ವನಿ ಏರಿಸಲಿಲ್ಲ. “ಅಯ್ನೋರು ಇನ್ನ ಉಣ್ಣಾಕತ್ಯಾರ. ಏಳ್ತೀಯಾ? ಏಳಪಾ. ನಿಮ್ಮನ್ಯಾಗ ಹಿಂಗ ಕಲಿಸ್ಯಾರಂತ ನಾಲ್ಕು ಮಂದಿಗೆ ಗೊತ್ತಾಗ್ಲಿ. ಆಮ್ಯಾಲ ಅಕ್ಕನ್ನ ಕರಿಯಾಕ ಈ ಹೊಸ್ತಿಲಾ ಹತ್ತಬ್ಯಾಡ.”

“ಕುಂಡ್ರೋ ತಮ್ಮಾ,” ಎಂದರು ಅಯ್ನೋರು. “ಮೋಟಾರ್ ಎಲ್ಲಿ ಹೋಗ್ತದ? ತಿರುಗಿ ಬರ್ತದ.”

ಆತ ಅಡುಗೆಮನೆಯ ಬಾಗಿಲ ಕಡೆ ನೋಡಿದ. ವೈನಿ ಹೋಳಿಗೆಯ ತಾಟು ಹಿಡಿದು ನಿಂತಿದ್ದಳು. ಎದ್ದರೂ ಹೋಯಿತು, ಕೂತರೂ ಹೋಯಿತು. ಕೂತರೆ ಬರುವ ವರ್ಷವಾದರೂ ಉಳಿದೀತು. ಅಷ್ಟನ್ನು ಆಕೆ ನಿಂತಲ್ಲೇ ಲೆಕ್ಕ ಹಾಕಿರಬೇಕು. ಕಣ್ಣಿನಿಂದಲೇ ಕೂಡ್ರು ಎಂದಳು. ಆತ ಕೂತ. ಎಂಜಿನ್ನಿನ ಸದ್ದು ಊರ ಹೊರಗೆ ತೆಳ್ಳಗಾಗುತ್ತ ಹೋಗುವುದನ್ನು ಕೇಳುತ್ತ ಹೋಳಿಗೆ ನುಂಗಿದ. ಆಯಿ ಇನ್ನೊಂದು ಹಾಕಿಸಿದಳು, ಅದರ ಮೇಲೆ ಮತ್ತೊಂದು.

“ತುಪ್ಪಾ ಹಾಕವ್ವಾ, ಕೈ ಹಿಡೀಬ್ಯಾಡ. ನಮ್ಮ ಬೀಗರು ಛಲೋ ಉಣ್ತಾರ.”

ಸಂಜೆಗೆ ಮಳೆ ಹಿಡಿಯಿತು. ಮಳೆಯಲ್ಲೇ ಮೋಟಾರು ಬಂತು. ಮುಂದೆ ದಾರಿಯ ಹೊಲದವರ ಎರಡು ಎತ್ತು, ಹಿಂದೆ ಹಗ್ಗ, ಹಗ್ಗದ ತುದಿಗೆ ಮೋಟಾರು, ಒಳಗೆ ತೊಯ್ದ ಅಪ್ಪ. ವೈನಿಯ ತಮ್ಮ ಬಾನೆಟ್ ಎತ್ತಿ ಪಾನಾ ಹಚ್ಚಿದ. ಬೋಲ್ಟು ಜೋರು ಹಾಕದೆಯೇ ತಿರುಗಿತು.

“ನೋಡ್ರಿ ಮಾವಾರ. ಒಂದ್ ಬೊಟ್ಟಿಗೆ ತಿರಗ್ತದ. ಇದನ್ನ ನಾ ಬಿಗೀತೀನಿ ಅಂದದ್ದು. ನೋಡ್ರಿ.”

ಅಪ್ಪ ಎತ್ತುಗಳನ್ನು ನೋಡುತ್ತ ನಿಂತರು. ತಮ್ಮ ಮೋಟಾರನ್ನು ತಾವೇ ಕೆಡಿಸಿಕೊಂಡು ಬರುವಷ್ಟು ಅವರು ತಾಯಿಗೆ ಹೆದರುತ್ತಿದ್ದರೆಂದು ನನಗೆ ಅಂದು ತಿಳಿಯಿತು.

“ಮಾತು ಅಂದ್ರ ಮಾತು,” ಎಂದಳು ಆಯಿ ಕಟ್ಟೆಯ ಮೇಲಿಂದ. “ಹೋಗಿ ಬರ್ಲಿಲ್ಲ. ಕೆಡಿಸಿದಾಂವಾ ನೀನ. ಸರಿ ಮಾಡಿ ಹೋಗು.”

ಆತ ಪಾನಾ ಕೆಳಗೆಸೆದ. ನಾನು ನೋಡುತ್ತಲೇ ಇದ್ದೆ, ಹೋಗಿಬಿಡುತ್ತಾನೆ ಎಂದುಕೊಂಡೆ. ವೈನಿ ಮಳೆಯಲ್ಲಿ ಅಂಗಳಕ್ಕಿಳಿದು, ಪಾನಾ ಎತ್ತಿ, ಸೆರಗಿನಿಂದ ಒರೆಸಿ ಆತನ ಕೈಗೆ ಕೊಟ್ಟಳು.

“ಮಾಡು ತಮ್ಮಾ. ನಾ ಇಲ್ಲೇ ಇರಾಕಿ.”

ಮರುದಿನ ಆತ ಮತ್ತೆ ಹೆಡ್ಡು ಬಿಚ್ಚಿದ. ತನ್ನ ಚೀಲದಲ್ಲಿದ್ದ ಇನ್ನೊಂದು ಗ್ಯಾಸ್ಕೆಟ್ ಹಾಕಿದ. ಅಂದು ಆತ ನನ್ನನ್ನು ಮಿಸ್ಸಿಬಾಬಾ ಎನ್ನಲಿಲ್ಲ. ಎಂಜಿನ್ ಓಡಿಸಿ, ನಿಲ್ಲಿಸಿ, ಆರಲೆಂದು ಗೋಡೆಗೆ ಒರಗಿ ಕೂತ. ಈ ಸಲ ಯಾರೂ ಊಟಕ್ಕೆ ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಆಯಿ ಕೋಲೂರಿಕೊಂಡು ಬಂದಳು. ಕಬ್ಬಿಣದ ಮೇಲೆ ಅಂಗೈ ಇಟ್ಟು, ರೊಟ್ಟಿಯ ಹಂಚು ನೋಡುವವಳಂತೆ ತಡೆದು ನೋಡಿದಳು.

“ಈಗ ಆರೇದ. ಬಿಗಿ.”

ಆತ ಬಿಗಿದ, ನಡುವಿನಿಂದ ಅಂಚಿಗೆ. ನಿಲಂಗಾಕ್ಕೆ ಹೊರಟಿದ್ದ ಕಾಳಿನ ಗಾಡಿ ಹತ್ತಿ ಹೋದ. ವೈನಿ ಟ್ರಂಕಿನ ಸೀರೆಗಳನ್ನು ಮತ್ತೆ ಗೂಡಿಗೆ ಹಾಕಿದಳು. ರಾತ್ರಿಯ ರೊಟ್ಟಿ ಎಂದಿನಂತೆಯೇ ಉಬ್ಬಿದವು. ಆಯಿ ಆಕೆಗೆ ಎಂದೂ ಕೈ ಎತ್ತಿದವಳಲ್ಲ, ಬೈದವಳೂ ಅಲ್ಲ. ಮುಂದೆ ಕಾನ್ವೆಂಟಿನ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಕ್ರುಯೆಲ್ಟಿ ಎಂಬ ಪಾಠ ಬಂದಾಗ ನಾಯಿಗೆ ಕಲ್ಲು ಹೊಡೆಯುವ ಹುಡುಗನ ಚಿತ್ರ ಇತ್ತು. ನನಗೆ ತುಪ್ಪದ ಗಿಂಡಿ ನೆನಪಾಯಿತು.

ಶ್ರಾವಣ ಮುಗಿದ ಮೇಲೆ ನನ್ನನ್ನು ಕಾನ್ವೆಂಟಿಗೆ ತಿರುಗಿ ಕಳಿಸುವುದಾಯಿತು. ರೈಲು ಉದಗೀರದಿಂದ. ಅಪ್ಪ ಮೋಟಾರಿನಲ್ಲೇ ಒಯ್ಯುತ್ತೇನೆಂದರು. ಹೊರಡುವಾಗ ವೈನಿ ಬಿಳಿಯ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟನ್ನು ನನ್ನ ಮಡಿಲಿಗಿಟ್ಟಳು. ಒಳಗೆ ಒಣಗಿಸಿದ ಕಟಕ ರೊಟ್ಟಿ.

“ನಮ್ಮವ್ವಗ ಕೊಡ್ರಿ. ಕಣ್ಣು ಕಾಣ್ಲಿಕ್ಕಂದ್ರೂ ಅಂಚಿಗೆ ಕೈ ಹಚ್ಚಿದ್ರ ಸಾಕು, ನಂದಂತ ಗುರುತು ಹಿಡೀತಾಳ.”

ಮಳೆಗಾಗಿ ಮೋಟಾರಿನ ಎರಡೂ ಬದಿ ಮೇಣಗಪ್ಪಡದ ಪರದೆ ಕಟ್ಟಿದ್ದರು. ನಿಲಂಗಾ ದಾಟಿತು. ಉಗಿ ಇಲ್ಲ, ಕೆಮ್ಮು ಇಲ್ಲ. ಉದಗೀರದ ಸರ್ವಿಸ್ ಮೋಟಾರು ನಿಲ್ಲುವ ಜಾಗದಲ್ಲಿ ಆತ ನಿಂತಿದ್ದ. ಮೊದಲು ಸದ್ದಿನಿಂದಲೇ ಗುರುತು ಹಿಡಿದು ಕತ್ತು ತಿರುಗಿಸಿದ. ಆಮೇಲೆ ಹಿಂದಿನ ಸೀಟು ನೋಡಿದ. ಪರದೆಯ ಸಂದಿಯಲ್ಲಿ ತಲೆಯ ಮೇಲೆ ಸೆರಗು ಹೊದ್ದ ಒಂದು ಹೆಣ್ಣು ಕೂತಿರುವುದು ಕಂಡಿರಬೇಕು. ಬೋಳು ತಲೆ ಕಾಣಬಾರದೆಂದು ನನಗೆ ವೈನಿಯೇ ತನ್ನ ಹಳೆಯ ಸೀರೆಯ ತುಂಡು ಹೊದಿಸಿದ್ದಳು.

ಆತ ಓಡತೊಡಗಿದ. “ಅಕ್ಕಾ! ಏ ಅಕ್ಕಾ! ನಿಲ್ಲಸ್ರೀ ಮಾವಾರ!”

“ಅಪ್ಪಾ, ನಿಲ್ಲಸ್ರೀ,” ಎಂದೆ. “ವೈನಿ ಗಂಟು ಕೊಟ್ಟಾಳ.”

“ರೈಲು ತಪ್ತದ,” ಎಂದರು ಅಪ್ಪ, ಕನ್ನಡಿ ನೋಡದೆ. ಮೋಟಾರು ಇನ್ನಷ್ಟು ಜೋರಾಯಿತು. ಆತ ಬಿಗಿದ ಎಂಜಿನ್ನು, ಆತನಿಗೇ ಎಟುಕಲಿಲ್ಲ. ನಾನು ಪರದೆಯ ಗುಂಡಿ ಬಿಚ್ಚಿ ತಲೆ ಹೊರಹಾಕುವಷ್ಟರಲ್ಲಿ ಆತ ಕೆಸರಿನಲ್ಲಿ ನಿಂತು, ಟೊಪ್ಪಿಗೆ ತೆಗೆದು, ನಗುತ್ತ ಮನೆಯ ಕಡೆ ಓಡುತ್ತಿದ್ದ. ಅಕ್ಕ ಬಂದಳು, ಮಾವ ಮನೆಗೇ ಬಿಡಲು ಹೊರಟಿದ್ದಾರೆ ಎಂದು ಅವ್ವನಿಗೆ ಹೇಳಲು.

ಕಾನ್ವೆಂಟಿನಲ್ಲಿ ಗಂಟು ಬಿಚ್ಚಿದೆ. ರೊಟ್ಟಿ ಒಂದೂ ಮುರಿದಿರಲಿಲ್ಲ.