ಕರೆಂಟ್ ಹೋದಾಗಿನ ಕಾದಂಬರಿ

ಕರೆಂಟ್ ಹೋಗಿ ಸದ್ದು ನಿಂತರೆ ಮಾತ್ರ ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತದೆ. ರವಿಶಂಕರನ ಶೆಡ್ಡಿನಲ್ಲಿ ನೂಲು ಸುತ್ತುವ ಅಕ್ಕಯ್ಯಮ್ಮನಿಗೆ ಅದೇ ಓದುವ ಹೊತ್ತು. ಅವಳಿಗೆ ಓದಿನ ರುಚಿ ಹತ್ತಿಸಿದವನು ಗಂಡ ಚೌಡಯ್ಯ, ನೇಕಾರರ ಸಂಘ ಕಟ್ಟಿ ಓಡಾಡಿದವನು. ಅವನು ತೀರಿಕೊಂಡ ಮೇಲೂ ಅವಳು ಗ್ರಂಥಾಲಯದ ದಾರಿ ಬಿಡಲಿಲ್ಲ. ಅಲ್ಲಿಯವನು ಪ್ರೇಮಕಥೆ ಕೊಟ್ಟರೆ, "ಇವ್ರು ಹೊಟ್ಟೆಗೇನ್ ಮಾಡ್ತಾರೆ ಅಂತ ಎಲ್ಲೂ ಬರ್ದಿಲ್ವಲ್ಲಪ್ಪ" ಎಂದು ವಾಪಸು ಕೊಡುವಳು. ದುಡಿಯುವವರ ಕಥೆಯೆಂದರೆ ಪ್ರಾಣ.

ಹೋದ ಬೇಸಿಗೆಯಲ್ಲಿ ಗಿರಣಿ ಮುಷ್ಕರದ ದಪ್ಪ ಕಾದಂಬರಿಯೊಂದನ್ನು ತಂದಳು. ಕರೆಂಟ್ ಹೋದಾಗಲೆಲ್ಲ ಗಟ್ಟಿಯಾಗಿ ಓದುವಳು. ಮಗ್ಗದವರು ಸುತ್ತ ಕೂತು ಕೇಳುವರು. ಬರಬರುತ್ತ ಮಾಲೀಕ ರವಿಶಂಕರನೂ ಬಾಗಿಲಿಗೊರಗಿ ನಿಲ್ಲತೊಡಗಿದ. ಒಂದು ದಿನ ಮೆಲ್ಲಗೆ ಕೇಳಿದ:

"ದೊಡ್ಡಮ್ಮ, ಆ ಗಿರಣಿ ಮಾಲೀಕ ನನ್ನಂಗೇ ಇದ್ದಾನಾ?"

"ಅವ್ನು ಕಾರಲ್ಲಿ ಓಡಾಡ್ತಾನೆ, ನೀನು ಸ್ಕೂಟ್ರಲ್ಲಿ. ಬುದ್ಧಿ ಒಂದೊಂದ್ಸಲ ಒಂದೇ ಕಣಪ್ಪ."

ಎಲ್ಲರೂ ನಕ್ಕರು. ಅವನೂ ನಕ್ಕ, ಸ್ವಲ್ಪ ತಡವಾಗಿ.

ಇನ್ನೊಂದು ಮಧ್ಯಾಹ್ನ ಕಥೆಯಲ್ಲಿ ಹೆಂಗಸರು ಗಿರಣಿ ಬಾಗಿಲಿಗೆ ಅಡ್ಡ ಕೂತಿದ್ದರು, ಪೊಲೀಸ್ ವ್ಯಾನು ಬಂದು ನಿಂತಿತ್ತು. ಅಷ್ಟರಲ್ಲಿ ಕರೆಂಟ್ ಬಂತು. ಒಬ್ಬರೂ ಏಳಲಿಲ್ಲ. ಮಗ್ಗದ ಸ್ವಿಚ್ಚಿನ ಕಡೆ ಹೊರಟಿದ್ದ ರವಿಶಂಕರನೇ ತಿರುಗಿ, "ಆಮೇಲೆ ಏನಾಯ್ತು, ಓದಿ" ಎಂದ.

ಅಕ್ಕಯ್ಯಮ್ಮ ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದಳು.

"ಓದ್ತೀನಿ. ಮೊದ್ಲು ನೀನೊಂದು ಮಾತು ಹೇಳು. ನಾವಿಷ್ಟು ಹೆಂಗಸ್ರು ಕಕ್ಕಸಿಗೆ ಆಚೆ ಬೀದಿ ಪಾಪಮ್ಮನ ಮನೆಗೆ ಹೋಗ್ಬೇಕು. ಇಲ್ಲೇ ಒಂದು ಕಟ್ಟಿಸ್ತೀಯಾ?"

"ಜಾಗ ಎಲ್ಲೈತೆ ದೊಡ್ಡಮ್ಮ?"

"ನಿನ್ ಸ್ಕೂಟ್ರು ನಿಲ್ಲೋ ಮೂಲೇಲಿ."

ಅಂದಮೇಲೆ ಅವಳಿಗೇ ಅಳುಕಾಯಿತು. ನಾಳೆಯಿಂದ ಬರಬೇಡ ಎಂದುಬಿಟ್ಟರೆ? ಆದರೆ ಅಕ್ಕಪಕ್ಕದ ಹೆಂಗಸರು ಕದಲದೆ ಕೂತಿದ್ದರು. ಗಂಡಸರೂ ಮಗ್ಗ ಮುಟ್ಟಲಿಲ್ಲ. ರವಿಶಂಕರ ತಲೆ ಕೆರೆದುಕೊಂಡ.

"ಆಯ್ತು, ಶ್ರಾವಣದೊಳಗೆ ಕಟ್ಟಿಸ್ತೀನಿ. ಈಗ ಓದಿ."

ಮಾತಿಗೆ ತಪ್ಪಲಿಲ್ಲ. ಶ್ರಾವಣಕ್ಕೆ ಮುಂಚೆಯೇ ಗೋಡೆ ಎದ್ದಿತು, ನಲ್ಲಿಯಲ್ಲಿ ನೀರೂ ಬಂತು.

ಈಗ ಭಾನುವಾರದ ಓದು ಅಕ್ಕಯ್ಯಮ್ಮನ ಜಗಲಿಯಲ್ಲಿ, ಅದೇ ಕಾದಂಬರಿ ಮತ್ತೆ ಮೊದಲಿಂದ. ಪಕ್ಕದ ಶೆಡ್ಡಿನವರೂ ಬರುತ್ತಾರೆ, ರವಿಶಂಕರನ ಹೆಂಡತಿ ಚೌಡೇಶ್ವರಿಯೂ ಬರುತ್ತಾಳೆ. ಮೊನ್ನೆ ಅವಳದೊಂದು ತಕರಾರು: "ಮುಷ್ಕರದೋರಿಗೆಲ್ಲ ಅನ್ನ ಬೇಯ್ಸಿ ಹಾಕ್ದೋಳಿಗೆ ಈ ಪುಸ್ತಕದಲ್ಲಿ ಹೆಸರೇ ಇಲ್ವಲ್ಲ."

"ಹೌದು ಕಣಮ್ಮ, ಇದು ನನ್ ಕಣ್ಣಿಗೇ ಬಿದ್ದಿರ್ಲಿಲ್ಲ" ಎಂದು ಅಕ್ಕಯ್ಯಮ್ಮ ಮತ್ತೆ ಪುಟ ತಿರುವಿದಳು. ಆ ಹೆಂಗಸಿಗೆ ಏನು ಹೆಸರಿಡಬೇಕೆಂಬ ಚರ್ಚೆಯಲ್ಲೇ ಅಂದಿನ ಓದು ಮುಗಿಯಿತು.