ನಾಲ್ಕು ಬೆರಳು ಎತ್ತರ

ಹೆಲ್ಮೆಟ್ಟು, ಕೈಗವಸು, ಮೈಗಂಟಿದ ಚಡ್ಡಿ ಸಮೇತ ಹೆಡ್ ಕ್ಲಾರ್ಕ್ ಮಹಾಶಯರು ಏರುರಸ್ತೆಯ ಅರ್ಧದಲ್ಲಿ ಹೊಚ್ಚಹೊಸ ಗೇರ್ ಸೈಕಲ್ಲಿನಿಂದ ಪಕ್ಕದ ಬೇಲಿಗೆ ಒರಗಿಕೊಂಡರು. ಬಿದ್ದರು ಎಂದರೆ ಅವರಿಗೆ ಬೇಸರ. ಅದೇ ಹೊತ್ತಿಗೆ ಎರಡು ಕ್ಯಾನು ನೇತುಹಾಕಿದ ತುಕ್ಕು ಸೈಕಲ್ಲೊಂದು ಕಿರುಗುಟ್ಟುತ್ತ ಅವರನ್ನು ದಾಟಿತು.

"ಸಾರ್, ಹಿಂದಿಂದ ತಳ್ಲಾ?" ಎಂದ ಹಾಲಿನವನು.

ಮೂರು ಭಾನುವಾರದಿಂದ ಇದೇ ಪಾಡು. "ಮುಂದಿನ ವಾರಾನೂ ತಳ್ಕೊಂಡು ಬಂದ್ರೆ ಬಾಲ್ಕನೀಲಿ ನಿಲ್ಸಿ, ಟವೆಲ್ ಒಣಗ್ಸೋಕೆ ಆಗುತ್ತೆ" ಎಂದು ಹೆಂಡತಿ ಗಡುವು ಕೊಟ್ಟಳು. ಮಹಾಶಯರಿಗೋ, ಐವತ್ತೆರಡರಲ್ಲಿ ಒಮ್ಮೆಯಾದರೂ ಸ್ವಂತ ಕಾಲಬಲದಿಂದ ದಿಬ್ಬದ ಆಚೆ ಏನಿದೆಯೆಂದು ನೋಡುವ ಆಸೆ. ಇನ್ನೂ ಹಗುರದ ಚಕ್ರ ಹಾಕಿಸೋಣವೆಂದು ಸ್ಪ್ಯಾನರ್ ಅಕ್ಕನ ಅಂಗಡಿಗೆ ಹೋದರು.

ಮೆಟ್ಟಿಲ ಕೆಳಗಿನ ಆ ಗೂಡಿಗೆ ಬೋರ್ಡಿಲ್ಲ. ಅಕ್ಕನ ಕೈಯ ಗ್ರೀಸೇ ಬೋರ್ಡು. ಗಂಡನಿಗೆ ಸ್ಪ್ಯಾನರ್ ಎತ್ತಿಕೊಡುತ್ತಲೇ ಕೆಲಸ ಕಲಿತವಳು. ಅವನ ಕಣ್ಣು ಮಂಜಾದ ಮೇಲೆ ಹದಿನೆಂಟು ವರ್ಷದಿಂದ ಅಂಗಡಿ ಅವಳದೇ; ಗಂಡ ಗಾಳಿ ತುಂಬುತ್ತಾನೆ, ಗಿರಾಕಿಗಳ ಜೊತೆ ಹರಟುತ್ತಾನೆ. ಅಕ್ಕ ಸೈಕಲ್ಲಿಗಿಂತ ಮೊದಲು ಸವಾರನ ಮಂಡಿ ನೋಡುತ್ತಾಳೆ.

"ಚಕ್ರ ಆಮೇಲೆ. ಗೋಡೆ ಹಿಡ್ಕೊಂಡು ಹತ್ತಿ ಕೂತ್ಕೊಳ್ಳಿ" ಎಂದಳು.

ಕೂತರು. ಮಂಡಿ ಎದೆಗೆ ಮುಟ್ಟುವಂತಿತ್ತು.

"ಮಕ್ಕಳ ಮೂರು ಚಕ್ರದ ಸೈಕಲ್ ಮೇಲೆ ಕೂತಂಗೆ ಕೂತಿದ್ದೀರಲ್ಲಣ್ಣಾ! ಗೇರು ಯಾವುದ್ರಲ್ಲಿಡ್ತೀರಿ?"

"ಎಲ್ಲಕ್ಕಿಂತ ದೊಡ್ಡದ್ರಲ್ಲಿ! ಏಳನೇದು!"

"ಅದೇನು ಪರೀಕ್ಷೆ ಮಾರ್ಕ್ಸಾ, ಜಾಸ್ತಿ ಬಂದಷ್ಟೂ ಒಳ್ಳೇದು ಅನ್ನೋಕೆ? ಏರಿಗೆ ಒಂದು ಸಾಕು."

ಸೀಟನ್ನು ನಾಲ್ಕು ಬೆರಳು ಮೇಲೆತ್ತಿದಳು. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೆ ಒತ್ತಿಸಿದಳು. ಕಾಲು ನೆಟ್ಟಗಾಯಿತು. "ಇಷ್ಟೇ. ಹೋಗ್ಬನ್ನಿ" ಎಂದಳು. ಹೊಸ ಚಕ್ರದ ಮಾತೇ ಎತ್ತಲಿಲ್ಲ.

ಭಾನುವಾರ ಮಹಾಶಯರು ಒಂದನೇ ಗೇರಿನಲ್ಲಿ ಆಮೆಯ ಹಾಗೆ ಹೊರಟರು. ಹಾಲಿನವನು ಈ ಸಲವೂ ದಾಟಿದ, ಆದರೆ ತಳ್ಲಾ ಎಂದು ಕೇಳಲಿಲ್ಲ. ಬೇಲಿ ಹಿಂದೆ ಉಳಿಯಿತು. ತೊಡೆ ಉರಿಯಿತು, ಉಸಿರು ಬಾಯಿಗೆ ಬಂತು, ಕಾಲು ಮಾತ್ರ ನೆಲಕ್ಕೆ ತಾಗಲಿಲ್ಲ. ದಿಬ್ಬದ ಆಚೆ ಇನ್ನೊಂದು ದಿಬ್ಬವಿತ್ತು, ಅದರ ಬುಡದಲ್ಲಿ ಬಿಸಿಲಿಗೆ ಹೊಳೆಯುವ ಕೆರೆ. ಮುಂದಿನ ವಾರಕ್ಕೆ ಅದೇ ಎಂದುಕೊಂಡರು.

ಇಳಿದವರು ನೇರ ಅಂಗಡಿಗೇ ಬಂದರು. ಸಂತೋಷದ ಬೆನ್ನಿಗೇ ಒಂದು ಸಂಕಟ ಶುರುವಾಗಿತ್ತು.

"ಅಕ್ಕಾ, ಸೀಟು ಎತ್ತಿದ್ರೆ ಮುಗೀತಿತ್ತು ಅಂದ್ರೆ, ಇಷ್ಟು ದುಬಾರಿ ಸೈಕಲ್ ತಗೊಂಡಿದ್ದು ದಂಡವಾಯ್ತಾ?"

ಅಕ್ಕ ಸೈಕಲ್ಲನ್ನು ಹಿಂದಿನಿಂದ ಮುಂದಿನವರೆಗೆ ಒಮ್ಮೆ ನಿಧಾನವಾಗಿ ನೋಡಿದಳು.

"ಹಾಗನ್ಬೇಡಿ ಅಣ್ಣಾ. ಬೆಲ್ಲು ತುಂಬಾ ಚೆನ್ನಾಗಿದೆ."